ಎರರ್ ಬರಲಿಲ್ಲ ಎಂದರೆ ಪ್ರೋಗ್ರಾಂ ಸರಿ ಇದೆ ಎಂದೇ? ಸಿ ಕಲಿಯುವವರನ್ನು ಕಾಡುವ ತಪ್ಪು ನಂಬಿಕೆಗಳು

102 ಡಿಗ್ರಿ ಫ್ಯಾರನ್‌ಹೀಟ್ ಜ್ವರ ಎಂದರೆ ಸೆಲ್ಸಿಯಸ್‌ನಲ್ಲಿ ಎಷ್ಟು? ಸರಿಯಾದ ಉತ್ತರ ಸುಮಾರು 38.9. ಆದರೆ ಇದೇ ಲೆಕ್ಕ ಮಾಡಲು ಹೊಸಬರು ಸಿ ಭಾಷೆಯಲ್ಲಿ ಬರೆಯುವ ಹತ್ತು ಸಾಲಿನ ಪ್ರೋಗ್ರಾಂ ಅನೇಕ ಬಾರಿ 0 ಎಂದು ಉತ್ತರ ಕೊಡುತ್ತದೆ. ಸೊನ್ನೆ ಡಿಗ್ರಿ ಎಂದರೆ ನೀರು ಮಂಜುಗಡ್ಡೆಯಾಗುವ ಉಷ್ಣತೆ! ಕೆಂಪು ಅಕ್ಷರದ ಒಂದೇ ಒಂದು ಎರರ್ ಕೂಡ ಪರದೆಯ ಮೇಲೆ ಬರುವುದಿಲ್ಲ.

ಇಂಜಿನಿಯರಿಂಗ್, ಬಿಸಿಎ, ಡಿಪ್ಲೊಮಾ ಸೇರಿದ ಮೊದಲ ತಿಂಗಳುಗಳಲ್ಲಿ ಸಿ ಕಲಿಯುವವರು ಎರಡು ನಂಬಿಕೆಗಳನ್ನು ಒಟ್ಟೊಟ್ಟಿಗೆ ಹೊತ್ತು ತಿರುಗುತ್ತಾರೆ. ಒಂದು, "ಎರರ್ ಬಂತು, ಅಂದರೆ ನನಗೆ ಇದು ತಲೆಗೆ ಹೋಗುವುದಿಲ್ಲ." ಇನ್ನೊಂದು, "ಎರರ್ ಹೋಯಿತು, ಅಂದರೆ ಪ್ರೋಗ್ರಾಂ ಸರಿಯಾಯಿತು." ಎರಡೂ ತಪ್ಪು. ಮೊದಲನೆಯದು ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಹೆಚ್ಚು ಪೆಟ್ಟು ಕೊಡುತ್ತದೆ, ಏಕೆಂದರೆ ದೂರುಗಳೆಲ್ಲ ಇಂಗ್ಲಿಷ್‌ನಲ್ಲಿ ಬರುತ್ತವೆ. ಎರಡನೆಯದು ಎಲ್ಲರಿಗೂ ಅಪಾಯ. ಅನುಭವಿ ಇಂಜಿನಿಯರುಗಳೂ ಅದಕ್ಕೆ ಬಲಿಯಾಗಿದ್ದಾರೆ.

ಮೊದಲು ಆ ಪ್ರೋಗ್ರಾಂ ನೋಡೋಣ. ಓದಲು ಸುಲಭವಾಗಲಿ ಎಂದು ಇಲ್ಲಿ ಕನ್ನಡ ಲಿಪಿಯಲ್ಲಿ ಬರೆದಿದ್ದೇವೆ. ನೀವು ಟೈಪ್ ಮಾಡುವಾಗ ಇದನ್ನು ಇಂಗ್ಲಿಷ್ ಸಣ್ಣಕ್ಷರಗಳಲ್ಲೇ ಬರೆಯಬೇಕು. ಸಿ ಭಾಷೆಗೆ ದೊಡ್ಡಕ್ಷರ, ಸಣ್ಣಕ್ಷರ ಬೇರೆ ಬೇರೆ. 'ಮೇನ್' ಎಂಬುದರ ಮೊದಲಕ್ಷರ ದೊಡ್ಡದಾದರೂ ಕೆಲಸ ಕೆಡುತ್ತದೆ.

1. #ಇನ್‌ಕ್ಲೂಡ್ <ಎಸ್‌ಟಿಡಿಐಒ.ಎಚ್>
2. ಇಂಟ್ ಮೇನ್(ವಾಯ್ಡ್)
3. {
4. ಇಂಟ್ ಜ್ವರ, ಉತ್ತರ;
5. ಪ್ರಿಂಟ್‌ಎಫ್("ಜ್ವರ ಎಷ್ಟು? ")
6. ಸ್ಕ್ಯಾನ್‌ಎಫ್("%ಡಿ", ಜ್ವರ);
7. ಉತ್ತರ = 5 / 9 * (ಜ್ವರ - 32);
8. ಪ್ರಿಂಟ್‌ಎಫ್("ಸೆಲ್ಸಿಯಸ್: %ಡಿ", ಉತ್ತರ);
9. ರಿಟರ್ನ್ 0;
10. }

ಇದರಲ್ಲಿ ಮುಖ್ಯವಾಗಿ ಮೂರು ತಪ್ಪುಗಳಿವೆ. 5ನೇ ಸಾಲಿನದು ಕೂಗಿ ಹೇಳುತ್ತದೆ. 6ನೇ ಸಾಲಿನದು ಓಡುವಾಗ ಮುಗ್ಗರಿಸುತ್ತದೆ. 7ನೇ ಸಾಲಿನದು ಏನೂ ಆಗದಂತೆ ಸುಮ್ಮನಿರುತ್ತದೆ. ಕೂಗುವ ತಪ್ಪು ಎಲ್ಲಕ್ಕಿಂತ ಸಾಧು, ಸುಮ್ಮನಿರುವುದೇ ಕೆಟ್ಟದ್ದು. ಹೊಸಬರು ಹೆದರುವುದು ಮಾತ್ರ ಇದಕ್ಕೆ ತಿರುಗುಮುರುಗಾಗಿ.

ಎರರ್‌ನಲ್ಲಿ ತೋರಿಸಿದ ಸಾಲಿನಲ್ಲೇ ತಪ್ಪಿರುತ್ತದೆಯೇ?

ಯಾವಾಗಲೂ ಇಲ್ಲ. 5ನೇ ಸಾಲಿನ ಕೊನೆಯಲ್ಲಿ ಸೆಮಿಕೋಲನ್ ಬಿಟ್ಟುಹೋಗಿದೆ. ಆದರೆ ಜಿಸಿಸಿ ಕಂಪೈಲರ್‌ನ ಹಳೆಯ ಆವೃತ್ತಿಗಳು "6ನೇ ಸಾಲಿನಲ್ಲಿ, ಸ್ಕ್ಯಾನ್‌ಎಫ್‌ಗಿಂತ ಮೊದಲು ಸೆಮಿಕೋಲನ್ ಇರಬೇಕಿತ್ತು" ಎಂಬ ಅರ್ಥದ ದೂರು ಕೊಡುತ್ತವೆ. ಹೊಸಬರು 6ನೇ ಸಾಲನ್ನು ಹತ್ತು ಸಲ ಓದುತ್ತಾರೆ, ಅಲ್ಲಿ ಸೆಮಿಕೋಲನ್ ಇದ್ದೇ ಇದೆ. ಕೊನೆಗೆ "ಕಂಪ್ಯೂಟರ್ ಹಾಳಾಗಿದೆ" ಎಂಬ ತೀರ್ಮಾನಕ್ಕೆ ಬರುತ್ತಾರೆ.

ಕಂಪೈಲರ್ ಹೀಗೆ ಮಾಡುವುದಕ್ಕೆ ಕಾರಣವಿದೆ. ನಮ್ಮ ಹಳೆಯ ಶಾಸನಗಳನ್ನು ನೆನಪಿಸಿಕೊಳ್ಳಿ. ಅವುಗಳಲ್ಲಿ ಪದಗಳ ನಡುವೆ ಜಾಗ ಬಿಟ್ಟಿರುವುದಿಲ್ಲ, ಕಲ್ಲಿನ ಅಂಚು ಬಂದಾಗ ಪದ ಅರ್ಧಕ್ಕೇ ಮುಂದಿನ ಸಾಲಿಗೆ ಹೋಗುತ್ತದೆ. ಸಾಲು ಮುಗಿಯಿತು ಎಂದರೆ ವಾಕ್ಯ ಮುಗಿಯಿತು ಎಂದಲ್ಲ. ಸಿ ಭಾಷೆ ಪದವನ್ನು ಹಾಗೆ ತುಂಡು ಮಾಡಲು ಬಿಡುವುದಿಲ್ಲ, ಆದರೆ ಅದಕ್ಕೂ ಸಾಲಿನ ಕೊನೆ ಲೆಕ್ಕಕ್ಕಿಲ್ಲ. ಒಂದು ಆದೇಶವನ್ನು ನಾಲ್ಕು ಸಾಲಿನಲ್ಲಿ ಬರೆದರೂ ನಡೆಯುತ್ತದೆ, ನಾಲ್ಕು ಆದೇಶವನ್ನು ಒಂದು ಸಾಲಿನಲ್ಲಿ ಬರೆದರೂ ನಡೆಯುತ್ತದೆ. ಆದೇಶ ಮುಗಿಯಿತು ಎಂದು ತಿಳಿಸುವುದು ಸೆಮಿಕೋಲನ್. ಅದು ಕಾಣದಿದ್ದಾಗ ಕಂಪೈಲರ್ "ಇನ್ನೂ ಮುಂದಿದೆ" ಎಂದುಕೊಂಡು 6ನೇ ಸಾಲಿಗೆ ಇಳಿಯುತ್ತದೆ. ಅಲ್ಲಿ 'ಸ್ಕ್ಯಾನ್‌ಎಫ್' ಎಂಬ ಪದ ಎದುರಾದಾಗಲೇ ಅದಕ್ಕೆ ಗೊಂದಲ ಗೊತ್ತಾಗುವುದು. ಹೊಸ ಆವೃತ್ತಿಗಳು ಸ್ವಲ್ಪ ಜಾಣತನದಿಂದ 5ನೇ ಸಾಲಿನ ಕೊನೆಯನ್ನೇ ಬೆರಳಿಟ್ಟು ತೋರಿಸುತ್ತವೆ, ಆದರೂ ಎಲ್ಲ ತಪ್ಪುಗಳಲ್ಲೂ ಅದು ಸಾಧ್ಯವಿಲ್ಲ.

ಅಂದರೆ ಎರರ್‌ನಲ್ಲಿ ಬರುವ ಸಂಖ್ಯೆ ನೀವು ಎಲ್ಲಿ ತಪ್ಪಿದಿರಿ ಎಂಬುದಲ್ಲ, ಕಂಪೈಲರ್ ಎಲ್ಲಿ ಸಿಕ್ಕಿಕೊಂಡಿತು ಎಂಬುದು. ತಪ್ಪು ಆ ಸಾಲಿನಲ್ಲಿರಬಹುದು ಅಥವಾ ಅದಕ್ಕಿಂತ ಮೇಲಿರಬಹುದು. ಮೇಲೆ ಎಷ್ಟು ದೂರ ಎನ್ನುವುದು ತಪ್ಪಿನ ಬಗೆಯ ಮೇಲೆ ನಿಂತಿದೆ. ಸೆಮಿಕೋಲನ್ ಆದರೆ ಸಾಮಾನ್ಯವಾಗಿ ಒಂದು ಸಾಲು ಮೇಲೆ. ಮುಚ್ಚುವ ಕರ್ಲಿ ಬ್ರಾಕೆಟ್ ಮರೆತಿದ್ದರೆ ದೂರು ಫೈಲಿನ ಕಟ್ಟಕಡೆಯ ಸಾಲಿನಲ್ಲಿ ಬರುತ್ತದೆ, ಏಕೆಂದರೆ ಕಂಪೈಲರ್ ಆ ಬ್ರಾಕೆಟ್ಟಿಗಾಗಿ ಕೊನೆಯವರೆಗೂ ಕಾಯುತ್ತಾ ಹೋಗಿರುತ್ತದೆ.

ಇಪ್ಪತ್ತು ಎರರ್ ಎಂದರೆ ಇಪ್ಪತ್ತು ತಪ್ಪೇ?

ಇದೂ ಅಲ್ಲ. ಬೇಕಿದ್ದರೆ 3ನೇ ಸಾಲಿನಲ್ಲಿರುವ ತೆರೆಯುವ ಬ್ರಾಕೆಟ್ಟನ್ನು ಅಳಿಸಿ ಕಂಪೈಲ್ ಮಾಡಿ ನೋಡಿ. ಅಳಿಸಿದ್ದು ಒಂದೇ ಚಿಹ್ನೆ, ಆದರೆ ಕೆಳಗಿನ ಪ್ರತಿಯೊಂದು ಆದೇಶದ ಬಗ್ಗೆಯೂ ದೂರು ಬರುತ್ತದೆ. ಅಂಗಿಯ ಮೊದಲ ಗುಂಡಿಯನ್ನು ತಪ್ಪು ಕಾಜಕ್ಕೆ ಹಾಕಿದರೆ ಉಳಿದ ಗುಂಡಿಗಳೆಲ್ಲ ತಪ್ಪಿದಂತೆ ಕಾಣುತ್ತವಲ್ಲ, ಹಾಗೆ. ಆದ್ದರಿಂದ ಪಟ್ಟಿ ಎಷ್ಟೇ ಉದ್ದವಿರಲಿ, ಪರದೆಯನ್ನು ಮೇಲಕ್ಕೆ ಸರಿಸಿ ಮೊದಲ ಎರರ್ ಮಾತ್ರ ಓದಿ. ಅದನ್ನು ಸರಿಪಡಿಸಿ ಮತ್ತೆ ಕಂಪೈಲ್ ಮಾಡಿ. ಎಷ್ಟೋ ಸಲ ಉಳಿದವು ತಾವಾಗಿಯೇ ಮಾಯವಾಗುತ್ತವೆ. ಕೊನೆಯ ಎರರ್‌ನಿಂದ ಶುರು ಮಾಡುವುದು ಹೊಸಬರ ಸಹಜ ಅಭ್ಯಾಸ, ಏಕೆಂದರೆ ಪರದೆಯಲ್ಲಿ ಕಣ್ಣಿಗೆ ಬೀಳುವುದು ಅದೇ. ಇಲ್ಲದ ತಪ್ಪನ್ನು "ಸರಿಪಡಿಸಲು" ಹೋಗಿ ಸರಿ ಇದ್ದದ್ದನ್ನೂ ಕೆಡಿಸಿಕೊಳ್ಳುವುದು ಹೀಗೆಯೇ.

ಇಂಗ್ಲಿಷ್ ಬಾರದಿದ್ದರೆ ಎರರ್ ಓದಲು ಆಗುವುದಿಲ್ಲವೇ?

ಆಗುತ್ತದೆ. ಕಂಪೈಲರ್ ಆಡುವುದು ಇಂಗ್ಲಿಷ್ ಎನ್ನುವುದಕ್ಕಿಂತ ಬಹಳ ಚಿಕ್ಕ ಶಬ್ದಕೋಶದ ಒಂದು ಸಂಕೇತ ಭಾಷೆ. ಮೊದಲ ಸೆಮಿಸ್ಟರ್‌ಗೆ ಏಳೆಂಟು ಪದ ಸಾಕು. 'ಎಕ್ಸ್‌ಪೆಕ್ಟೆಡ್' ಎಂದರೆ ಇಲ್ಲಿ ಒಂದು ಚಿಹ್ನೆ ಇರಬೇಕಿತ್ತು, ಕಾಣಲಿಲ್ಲ. 'ಬಿಫೋರ್' ಎಂದರೆ ಇದಕ್ಕಿಂತ ಮೊದಲು. 'ಅನ್‌ಡಿಕ್ಲೇರ್ಡ್' ಎಂದರೆ ಈ ಹೆಸರನ್ನು ನೀವು ಮೊದಲೇ ಪರಿಚಯಿಸಿಲ್ಲ, ಅಥವಾ ಪರಿಚಯಿಸಿದ ಹೆಸರಿನ ಕಾಗುಣಿತ ಬೇರೆ. 'ಇಂಪ್ಲಿಸಿಟ್ ಡಿಕ್ಲರೇಶನ್' ಬಂದರೆ ನೀವು ಕರೆದ ಫಂಕ್ಷನ್ ಯಾವುದೆಂದು ಅದಕ್ಕೆ ಗೊತ್ತಿಲ್ಲ. ಹೆಚ್ಚಾಗಿ 'ಪ್ರಿಂಟ್‌ಎಫ್' ಎಂಬುದು 'ಪ್ರಿನ್ಫ್ಟ್' ಆಗಿರುತ್ತದೆ, ಇಲ್ಲವೇ ಮೇಲಿನ ಇನ್‌ಕ್ಲೂಡ್ ಸಾಲು ಬಿಟ್ಟುಹೋಗಿರುತ್ತದೆ. ಇದನ್ನು ಜಿಸಿಸಿ ಬಹಳ ಕಾಲ ಬರೀ ಎಚ್ಚರಿಕೆಯಾಗಿ ಹೇಳಿ ಬಿಟ್ಟುಬಿಡುತ್ತಿತ್ತು. 2024ರಲ್ಲಿ ಬಂದ 14ನೇ ಆವೃತ್ತಿಯಿಂದ ಎರರ್ ಆಗಿಯೇ ತಡೆಯುತ್ತದೆ. ಹಾಗಾಗಿ ಅಣ್ಣನ ಲ್ಯಾಪ್‌ಟಾಪಿನಲ್ಲಿ ಓಡಿದ ಪ್ರೋಗ್ರಾಂ ನಿಮ್ಮದರಲ್ಲಿ ಓಡದಿದ್ದರೆ ಆಶ್ಚರ್ಯವಿಲ್ಲ.

'ಅನ್‌ಡಿಫೈನ್ಡ್ ರೆಫರೆನ್ಸ್' ಎಂಬುದು ಸ್ವಲ್ಪ ಬೇರೆ ಜಾತಿಯದು. ಇದನ್ನು ಹೇಳುವುದು ಕಂಪೈಲರ್ ಅಲ್ಲ, ಅದರ ನಂತರ ಕೆಲಸ ಮಾಡುವ ಲಿಂಕರ್. ನಿಮ್ಮ ಬರವಣಿಗೆಯ ವ್ಯಾಕರಣ ಸರಿಯಿದೆ, ಆದರೆ ನೀವು ಕರೆದ ಫಂಕ್ಷನ್ನಿನ ನಿಜವಾದ ಕೋಡ್ ಎಲ್ಲೂ ಸಿಗಲಿಲ್ಲ ಎಂದು ಇದರ ಅರ್ಥ. ಲಿನಕ್ಸ್‌ನಲ್ಲಿ ವರ್ಗಮೂಲ ಕಂಡುಹಿಡಿಯುವ ಫಂಕ್ಷನ್ ಬಳಸುವವರು ಇಲ್ಲಿ ಸಿಕ್ಕಿಬೀಳುತ್ತಾರೆ. "ಗಣಿತದ ಹೆಡರ್ ಫೈಲ್ ಸೇರಿಸಿದ್ದೇನಲ್ಲ!" ಎನ್ನುತ್ತಾರೆ. ಹೆಡರ್ ಎಂದರೆ ಮದುವೆಯ ಆಮಂತ್ರಣ ಪತ್ರಿಕೆ ಇದ್ದ ಹಾಗೆ, ಊಟ ಇರುವುದು ಛತ್ರದಲ್ಲಿ. ಆ ಛತ್ರದ ವಿಳಾಸವನ್ನು ಕಂಪೈಲ್ ಆದೇಶದ ಕೊನೆಯಲ್ಲಿ ಡ್ಯಾಶ್, ಎಲ್, ಎಂ ಎಂದು ಸೇರಿಸಿ ಕೊಡಬೇಕು. ಇನ್ನು ದೂರಿನಲ್ಲಿ 'ಮೇನ್' ಅಥವಾ ವಿಂಡೋಸ್‌ನಲ್ಲಿ 'ವಿನ್‌ಮೇನ್' ಎಂಬ ಹೆಸರು ಬಂದರೆ, ಒಂದೋ ಮೇನ್ ಎಂಬುದರ ಕಾಗುಣಿತ ತಪ್ಪಿದೆ, ಇಲ್ಲವೇ ಫೈಲನ್ನು ಸೇವ್ ಮಾಡದೆ ಖಾಲಿ ಫೈಲನ್ನೇ ಕಂಪೈಲ್ ಮಾಡಿದ್ದೀರಿ.

ಪುಸ್ತಕದಲ್ಲಿ ಇದ್ದ ಹಾಗೇ ಬರೆದರೂ ಎರರ್ ಬರುವುದೂ ಉಂಟು. ಬೋರ್ಲೆಂಡ್ ಕಂಪನಿಯ ಟರ್ಬೊ ಸಿ 1987ರಲ್ಲಿ ಡಾಸ್ ಯಂತ್ರಗಳಿಗಾಗಿ ಬಂದದ್ದು. ಅದರ ನೀಲಿ ಪರದೆ ನಮ್ಮ ಅನೇಕ ಕಾಲೇಜು ಲ್ಯಾಬ್‌ಗಳಲ್ಲಿ ವರ್ಷಗಟ್ಟಲೆ ಉಳಿಯಿತು. ಅದಕ್ಕೆಂದು ಬರೆದ ಪುಸ್ತಕಗಳು, ನೋಟ್ಸ್‌ಗಳು ಇಂದಿಗೂ ಕೈಯಿಂದ ಕೈಗೆ ದಾಟುತ್ತಿವೆ. 'ವಾಯ್ಡ್ ಮೇನ್', 'ಕೊನಿಯೊ' ಹೆಡರ್, ಪರದೆ ಅಳಿಸುವ 'ಕ್ಲಿಯರ್ ಸ್ಕ್ರೀನ್' ಫಂಕ್ಷನ್ ಎಲ್ಲ ಆ ಕಾಲದ ಸಾಮಾನುಗಳು. ಇಂದಿನ ಲಿನಕ್ಸ್‌ನಲ್ಲಿ 'ಕೊನಿಯೊ' ಎಂಬ ಫೈಲೇ ಇಲ್ಲ, 'ವಾಯ್ಡ್ ಮೇನ್' ಬರೆದರೆ ಕ್ಲಾಂಗ್ ಕಂಪೈಲರ್ ಎಚ್ಚರಿಕೆ ಕೊಡುತ್ತದೆ. ಲೆಕ್ಕವೂ ಬದಲಾಗುತ್ತದೆ. ಟರ್ಬೊ ಸಿಯಲ್ಲಿ 'ಇಂಟ್' 32767ರವರೆಗೆ ಮಾತ್ರ ಹಿಡಿಯುತ್ತಿತ್ತು, ಅಲ್ಲಿ 20000ಕ್ಕೆ 20000 ಕೂಡಿಸಿದರೆ ಉತ್ತರ -25536. ಈಗಿನ ಸಾಮಾನ್ಯ ಕಂಪ್ಯೂಟರುಗಳಲ್ಲಿ ಅದೇ 'ಇಂಟ್' 2147483647ರವರೆಗೆ ಹೋಗುತ್ತದೆ, ಉತ್ತರ 40000 ಸರಿಯಾಗಿ ಬರುತ್ತದೆ. ಈ ವ್ಯತ್ಯಾಸಕ್ಕೆ ವಿದ್ಯಾರ್ಥಿಯನ್ನು ಬೈಯುವುದು ಅನ್ಯಾಯ.

ತಪ್ಪು ಪ್ರೋಗ್ರಾಂ ಓಡಿಸಿದರೆ ಕಂಪ್ಯೂಟರ್ ಕೆಡುತ್ತದೆಯೇ?

ಈಗ 6ನೇ ಸಾಲಿಗೆ ಬರೋಣ. 5ನೇ ಸಾಲಿಗೆ ಸೆಮಿಕೋಲನ್ ಹಾಕಿದ ಮೇಲೆ ಪ್ರೋಗ್ರಾಂ ಕಂಪೈಲ್ ಆಗುತ್ತದೆ. ಓಡಿಸಿ 102 ಎಂದು ಟೈಪ್ ಮಾಡಿ ಎಂಟರ್ ಒತ್ತಿದರೆ 'ಸೆಗ್ಮೆಂಟೇಶನ್ ಫಾಲ್ಟ್' ಎಂಬ ಭಯಾನಕ ಹೆಸರಿನೊಂದಿಗೆ ನಿಂತುಬಿಡಬಹುದು. ವಿಂಡೋಸ್‌ನಲ್ಲಾದರೆ ಕಪ್ಪು ಕಿಟಕಿ ಮುಚ್ಚಿಹೋಗಬಹುದು.

ಆಗಿದ್ದಿಷ್ಟೇ. ಸ್ಕ್ಯಾನ್‌ಎಫ್‌ಗೆ ಕೊಡಬೇಕಾದದ್ದು ಡಬ್ಬಿಯೊಳಗಿನ ವಸ್ತುವನ್ನಲ್ಲ, ಡಬ್ಬಿ ಇರುವ ವಿಳಾಸವನ್ನು. ವಿಳಾಸ ಕೊಡುವ ಚಿಹ್ನೆ &. ನಾವು &ಜ್ವರ ಎಂದು ಬರೆಯುವ ಬದಲು ಬರೀ ಜ್ವರ ಎಂದು ಬರೆದೆವು. ಆ ಡಬ್ಬಿಯಲ್ಲಿ ಆಗ ಯಾವುದೋ ಕಸದ ಸಂಖ್ಯೆ ಇತ್ತು. ಸ್ಕ್ಯಾನ್‌ಎಫ್ ಅದನ್ನೇ ವಿಳಾಸ ಎಂದು ನಂಬಿ, ತನ್ನದಲ್ಲದ ಮನೆಗೆ 102 ಅನ್ನು ತಲುಪಿಸಲು ಹೋಯಿತು. ಆಪರೇಟಿಂಗ್ ಸಿಸ್ಟಂ ಕಾವಲುಗಾರನಂತೆ ತಡೆದು ಪ್ರೋಗ್ರಾಮನ್ನು ನಿಲ್ಲಿಸಿತು. ಇದು ವೈರಸ್ ಅಲ್ಲ, ಹಾರ್ಡ್‌ವೇರ್ ಕೆಟ್ಟದ್ದೂ ಅಲ್ಲ. ನಿಮ್ಮ ತಪ್ಪಿನಿಂದ ಬೇರೆ ಪ್ರೋಗ್ರಾಂಗಳಿಗೆ ಏನೂ ಆಗದಂತೆ ನೋಡಿಕೊಳ್ಳುವ ವ್ಯವಸ್ಥೆ ಕೆಲಸ ಮಾಡಿದೆ, ಅಷ್ಟೆ. ಹಾಗೆಯೇ ನಿಲ್ಲದೆ ಸಾಲುಗಟ್ಟಲೆ ಅಚ್ಚು ಮಾಡುತ್ತಲೇ ಇರುವ ಪ್ರೋಗ್ರಾಮನ್ನು ಕಂಟ್ರೋಲ್ ಮತ್ತು ಸಿ ಕೀಲಿಗಳನ್ನು ಒಟ್ಟಿಗೆ ಒತ್ತಿ ನಿಲ್ಲಿಸಬಹುದು, ಪ್ಲಗ್ ಕೀಳಬೇಕಿಲ್ಲ.

ಕಸದ ಸಂಖ್ಯೆ ಏನೇ ಆಗಿರಬಹುದಾದ್ದರಿಂದ ಈ ತಪ್ಪು ಪ್ರತಿ ಸಲ ಒಂದೇ ರೀತಿ ವರ್ತಿಸುವುದಿಲ್ಲ. ಮೊದಲೇ ಬೆಲೆ ಕೊಡದ ವೇರಿಯಬಲ್‌ಗಳದ್ದೆಲ್ಲ ಇದೇ ಕಥೆ. "ಮನೆಯಲ್ಲಿ ಓಡಿತ್ತು ಮೇಡಂ, ಲ್ಯಾಬ್‌ನಲ್ಲಿ ಓಡುತ್ತಿಲ್ಲ" ಎನ್ನುವ ವಿದ್ಯಾರ್ಥಿ ಸುಳ್ಳು ಹೇಳುತ್ತಿದ್ದಾನೆ ಎಂದು ಭಾವಿಸಬೇಡಿ. ಅವನ ಪ್ರೋಗ್ರಾಂ ಮನೆಯಲ್ಲೂ ತಪ್ಪೇ ಇತ್ತು, ಅಲ್ಲಿ ಅದೃಷ್ಟಕ್ಕೆ ನಡೆದುಹೋಗಿತ್ತು.

ವಾರ್ನಿಂಗ್ ಎಂದರೆ ಬಿಟ್ಟುಬಿಡಬಹುದೇ?

& ಬಿಟ್ಟುಹೋದದ್ದನ್ನು ಓಡಿಸುವ ಮೊದಲೇ ಹಿಡಿಯಬಹುದಿತ್ತು. ಕಂಪೈಲ್ ಆದೇಶದಲ್ಲಿ ಜಿಸಿಸಿ ಎಂದ ಮೇಲೆ ಒಂದು ಡ್ಯಾಶ್, ದೊಡ್ಡಕ್ಷರದ ಡಬ್ಲ್ಯು, ನಂತರ ಸಣ್ಣಕ್ಷರದ ಎ, ಎಲ್, ಎಲ್ ಸೇರಿಸಿ. ಆಗ "ಇಲ್ಲಿ ವಿಳಾಸ ಬೇಕಿತ್ತು, ನೀವು ಸಂಖ್ಯೆ ಕೊಟ್ಟಿದ್ದೀರಿ" ಎಂಬ ಅರ್ಥದ ಎಚ್ಚರಿಕೆ ಬರುತ್ತದೆ. ಈ ನಾಲ್ಕಕ್ಷರವನ್ನು ಮೊದಲ ದಿನವೇ ಕಲಿಸದೆ ಸಿ ಕಲಿಸುವುದು ನಮ್ಮ ದೃಷ್ಟಿಯಲ್ಲಿ ಹೆಲ್ಮೆಟ್ ಕೊಡದೆ ಬೈಕ್ ಕಲಿಸಿದಂತೆ.

ಇಷ್ಟು ಉಪಯುಕ್ತವಾದದ್ದನ್ನು ಸಿ ತಾನಾಗಿಯೇ ಏಕೆ ಹೇಳುವುದಿಲ್ಲ? ಅದಕ್ಕೆ ಭಾಷೆ ಹುಟ್ಟಿದ ಕಾಲ ನೋಡಬೇಕು. ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಡೆನಿಸ್ ರಿಚಿ 1970ರ ದಶಕದ ಆರಂಭದಲ್ಲಿ ಸಿ ರೂಪಿಸಿದಾಗ ಗುರಿ ಇದ್ದದ್ದು ಯುನಿಕ್ಸ್ ಆಪರೇಟಿಂಗ್ ಸಿಸ್ಟಂ ಬರೆಯುವುದು. ಯಂತ್ರಗಳು ಚಿಕ್ಕವು, ಬರೆಯುವವರು ಪಳಗಿದವರು. ಕಂಪೈಲರ್ ಅವರನ್ನು ನಂಬಿತು. ಅಲ್ಲಿಯೂ ತಪ್ಪುಗಳು ನುಸುಳುತ್ತಿದ್ದವು, ಹಾಗಾಗಿ ಅದೇ ಬೆಲ್ ಲ್ಯಾಬ್ಸ್‌ನ ಸ್ಟೀಫನ್ ಜಾನ್ಸನ್ 1978ರಲ್ಲಿ 'ಲಿಂಟ್' ಎಂಬ ಪ್ರತ್ಯೇಕ ತಪಾಸಣಾ ಪ್ರೋಗ್ರಾಂ ಬರೆದರು. ಬಟ್ಟೆಗೆ ಅಂಟಿಕೊಳ್ಳುವ ಹತ್ತಿಯ ಜುಂಗಿಗೆ ಇಂಗ್ಲಿಷ್‌ನಲ್ಲಿ ಲಿಂಟ್ ಎನ್ನುತ್ತಾರೆ. ಇಂದಿನ ವಾರ್ನಿಂಗ್‌ಗಳನ್ನು ಅದರ ಮರಿಮಕ್ಕಳು ಎನ್ನಬಹುದು.

ತಪ್ಪಿಗೆ 'ಬಗ್' ಎಂಬ ಹೆಸರು ಬಂದ ಬಗ್ಗೆ ಒಂದು ಫಾರ್ವರ್ಡ್ ಆಗಾಗ ತಿರುಗುತ್ತದೆ. ಕಂಪ್ಯೂಟರ್ ಒಳಗೆ ಪತಂಗ ಸಿಕ್ಕಿತು, ಗ್ರೇಸ್ ಹಾಪರ್ ಆ ಹೆಸರು ಕೊಟ್ಟರು ಎಂದು. ಇದು ಅರ್ಧ ಸತ್ಯ. 1947ರ ಸೆಪ್ಟೆಂಬರ್ 9ರಂದು ಹಾರ್ವರ್ಡ್‌ನ ಮಾರ್ಕ್ 2 ಯಂತ್ರದ ರಿಲೇಯಲ್ಲಿ ಪತಂಗ ಸಿಕ್ಕಿದ್ದು, ಅದನ್ನು ಲಾಗ್ ಪುಸ್ತಕಕ್ಕೆ ಅಂಟಿಸಿದ್ದು ನಿಜ. ಆ ಪುಟ ಈಗ ಅಮೆರಿಕದ ಸ್ಮಿತ್ಸೋನಿಯನ್ ಸಂಗ್ರಹದಲ್ಲಿದೆ. ಆದರೆ ಅಲ್ಲಿ ಬರೆದಿರುವುದೇ "ನಿಜವಾದ ಬಗ್ ಸಿಕ್ಕ ಮೊದಲ ಪ್ರಕರಣ" ಎಂಬ ಅರ್ಥದ ತಮಾಷೆ. ಅಂದರೆ ಪದ ಆಗಲೇ ಬಳಕೆಯಲ್ಲಿತ್ತು. ಥಾಮಸ್ ಎಡಿಸನ್ 1878ರ ಪತ್ರವೊಂದರಲ್ಲೇ ಯಂತ್ರದ ದೋಷಗಳನ್ನು ಬಗ್ ಎಂದು ಕರೆದಿದ್ದಾರೆ. ಹಾಪರ್ ಆ ಕಥೆಯನ್ನು ಮುಂದೆ ಬಹಳ ಕಡೆ ಹೇಳಿ ಜನಪ್ರಿಯಗೊಳಿಸಿದರು, ಅಷ್ಟೆ.

ಎರರ್ ಇಲ್ಲ, ವಾರ್ನಿಂಗ್ ಇಲ್ಲ, ಆದರೂ ಉತ್ತರ ಸೊನ್ನೆ ಏಕೆ?

5ನೇ ಸಾಲು ಸರಿಯಾಯಿತು, 6ನೇ ಸಾಲಿಗೆ & ಬಂತು. ವಾರ್ನಿಂಗ್ ಕೂಡ ಇಲ್ಲ. 102 ಕೊಟ್ಟರೆ 0. ಈಗ 212 ಕೊಡಿ, ಅಂದರೆ ನೀರು ಕುದಿಯುವ ಉಷ್ಣತೆ. ಮತ್ತೆ 0.

7ನೇ ಸಾಲನ್ನು ಕಂಪ್ಯೂಟರ್ ಎಡದಿಂದ ಲೆಕ್ಕ ಹಾಕುತ್ತದೆ. ಮೊದಲು 5 / 9. ಎರಡೂ ಪೂರ್ಣಾಂಕಗಳಾದ್ದರಿಂದ ಸಿ ಭಾಷೆ ಭಾಗಲಬ್ಧದ ಪೂರ್ಣಾಂಕವನ್ನು ಮಾತ್ರ ಇಟ್ಟುಕೊಂಡು ದಶಾಂಶವನ್ನು ಎಸೆಯುತ್ತದೆ. ಐದು ರೊಟ್ಟಿಯನ್ನು ಒಂಬತ್ತು ಜನರಿಗೆ ಮುರಿಯದೆ ಹಂಚಿದರೆ ಒಬ್ಬೊಬ್ಬರಿಗೆ ಸೊನ್ನೆ. ಆ ಸೊನ್ನೆಯನ್ನು ಮುಂದಿನ ಆವರಣದ ಯಾವ ಸಂಖ್ಯೆಗೆ ಗುಣಿಸಿದರೂ ಸೊನ್ನೆಯೇ. ಭಾಷೆಯ ನಿಯಮದ ಪ್ರಕಾರ ಇದರಲ್ಲಿ ಯಾವ ತಪ್ಪೂ ಇಲ್ಲ, ಆದ್ದರಿಂದ ಕಂಪೈಲರ್‌ಗೆ ದೂರಲು ಏನೂ ಇಲ್ಲ. ನಿಮ್ಮ ಮನಸ್ಸಿನಲ್ಲಿ ಜ್ವರದ ಲೆಕ್ಕ ಇತ್ತು ಎಂಬುದು ಅದಕ್ಕೆ ಗೊತ್ತಾಗುವ ದಾರಿಯೇ ಇಲ್ಲ.

ಹೊಸಬರು ಮೊದಲು ಮಾಡುವ ಪರಿಹಾರವೆಂದರೆ 'ಉತ್ತರ' ಎಂಬುದನ್ನು ದಶಾಂಶ ಹಿಡಿಯುವ 'ಫ್ಲೋಟ್' ಆಗಿ ಬದಲಿಸುವುದು. ಅದಕ್ಕೆ ತಕ್ಕಂತೆ 8ನೇ ಸಾಲಿನ %ಡಿ ಜಾಗಕ್ಕೆ %ಎಫ್ ಬರಬೇಕು, ಇಲ್ಲದಿದ್ದರೆ ಅಸಂಬದ್ಧ ಸಂಖ್ಯೆ ಅಚ್ಚಾಗುತ್ತದೆ. ಅಷ್ಟು ಮಾಡಿದರೂ 0 ಎಂಬುದು 0.000000 ಆಗುತ್ತದೆ, ಅಷ್ಟೇ ಲಾಭ. ಪಾತ್ರೆ ದೊಡ್ಡದಾಯಿತು, ಆದರೆ ಹಾಲು ಪಾತ್ರೆಗೆ ಬರುವ ಮೊದಲೇ ಚೆಲ್ಲಿಹೋಗಿದೆ. ಭಾಗಾಕಾರದಲ್ಲೇ ದಶಾಂಶ ಇರಬೇಕು, ಅಂದರೆ 5.0 / 9.0 ಎಂದು ಬರೆಯಬೇಕು.

ಇನ್ನು ಕೆಲವರು ಗುಣಾಕಾರವನ್ನು ಮೊದಲು ಮಾಡಿ 5 * (ಜ್ವರ - 32) / 9 ಎಂದು ಬರೆಯುತ್ತಾರೆ. ಎಲ್ಲ 'ಇಂಟ್' ಆಗಿದ್ದರೆ 102ಕ್ಕೆ 38 ಬರುತ್ತದೆ. ಸೊನ್ನೆಗಿಂತ ಇದು ಅಪಾಯಕಾರಿ, ಏಕೆಂದರೆ ನಂಬುವಂತಿದೆ. ಥರ್ಮಾಮೀಟರ್ 100.4 ತೋರಿಸುತ್ತಿದೆ ಎನ್ನಿ. ಅದು ಸರಿಯಾಗಿ 38 ಡಿಗ್ರಿ ಸೆಲ್ಸಿಯಸ್, ಜ್ವರ ಎಂದು ಸಾಮಾನ್ಯವಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವ ಗಡಿ. ಆದರೆ 'ಇಂಟ್' ಓದುವ ಸ್ಕ್ಯಾನ್‌ಎಫ್ 100 ಮಾತ್ರ ತೆಗೆದುಕೊಂಡು .4 ಅನ್ನು ಬಿಟ್ಟುಬಿಡುತ್ತದೆ. 68ನ್ನು 5ರಿಂದ ಗುಣಿಸಿ 9ರಿಂದ ಭಾಗಿಸಿದರೆ 37.78, ಅದರಲ್ಲೂ ದಶಾಂಶ ಹೋಗಿ ಉಳಿಯುವುದು 37. ಜ್ವರ ಇದ್ದವರಿಗೆ ಜ್ವರ ಇಲ್ಲ ಎಂದಾಯಿತು. ಆದ್ದರಿಂದ 'ಜ್ವರ' ಕೂಡ ಫ್ಲೋಟ್ ಆಗಬೇಕು, 6ನೇ ಸಾಲಿನಲ್ಲೂ %ಎಫ್ ಇರಬೇಕು. ಫ್ಲೋಟ್ ಬದಲು 'ಡಬಲ್' ಬಳಸಿದರೆ ಓದುವಾಗ %ಎಲ್‌ಎಫ್ ಬೇಕು, ಅಚ್ಚು ಮಾಡುವಾಗ %ಎಫ್ ಸಾಕು. ಈ ಅಸಮಾನತೆ ನೆನಪಿಡಲು ಕಷ್ಟ, ಆದರೆ ಇರುವುದು ಹಾಗೆಯೇ.

ಪರೀಕ್ಷಿಸಿ ನೋಡಿದ್ದರೆ ಗೊತ್ತಾಗುತ್ತಿತ್ತಲ್ಲ ಎಂದು ನೀವು ಕೇಳಬಹುದು. ಯಾವ ಸಂಖ್ಯೆ ಕೊಟ್ಟು ಪರೀಕ್ಷಿಸುತ್ತೀರಿ ಎಂಬುದರ ಮೇಲೆ ಅದು ನಿಂತಿದೆ. ಎಲ್ಲರಿಗೂ ನೆನಪಿರುವುದು 32 ಡಿಗ್ರಿ ಫ್ಯಾರನ್‌ಹೀಟ್ ಎಂದರೆ 0 ಸೆಲ್ಸಿಯಸ್ ಎಂಬುದು. ಸೊನ್ನೆಯನ್ನೇ ಕೊಡುವ ನಮ್ಮ ಕೆಟ್ಟ ಪ್ರೋಗ್ರಾಂ ಈ ಪರೀಕ್ಷೆಯಲ್ಲಿ ಚೆನ್ನಾಗಿ ಪಾಸಾಗುತ್ತದೆ! ಹಾಗಾಗಿ ಕನಿಷ್ಠ ಮೂರು ನಾಲ್ಕು ಕಡೆ ಅಳೆದು ನೋಡಬೇಕು: 32ಕ್ಕೆ 0, 98.6ಕ್ಕೆ 37, 212ಕ್ಕೆ 100, ಮತ್ತು -40ಕ್ಕೆ -40 (ಎರಡೂ ಮಾಪಕಗಳು ಕೂಡುವ ಜಾಗ ಇದೊಂದೇ). ಉತ್ತರ ತಪ್ಪಿದರೆ ನಡುನಡುವೆ ಪ್ರಿಂಟ್‌ಎಫ್ ಹಾಕಿ 'ಜ್ವರ' ಎಷ್ಟು ಓದಿತು, 5 / 9 ಎಷ್ಟು ಬಂತು ಎಂದು ಅಚ್ಚು ಮಾಡಿಸಿ ನೋಡಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಐದು ಕಡೆ ಒಟ್ಟಿಗೆ ತಿದ್ದಿದರೆ ಯಾವುದರಿಂದ ಸರಿಯಾಯಿತು, ಯಾವುದರಿಂದ ಇನ್ನಷ್ಟು ಕೆಟ್ಟಿತು ಎಂಬುದು ತಿಳಿಯುವುದಿಲ್ಲ.

ಸದ್ದಿಲ್ಲದ ತಪ್ಪುಗಳು ಎಷ್ಟು ದೂರ ಹೋಗುತ್ತವೆ?

'ಇಫ್' ಶರತ್ತಿನಲ್ಲಿ == ಬರೆಯುವ ಕಡೆ ಒಂದೇ = ಬರೆದರೆ ಹೋಲಿಕೆ ಆಗುವುದಿಲ್ಲ, ಬೆಲೆ ತುಂಬಿಬಿಡುತ್ತದೆ. 'ಅಂಕ = 100 ಆದರೆ ನೂರಕ್ಕೆ ನೂರು ಎಂದು ಅಚ್ಚು ಮಾಡು' ಎಂದು ಬರೆದ ಪ್ರೋಗ್ರಾಂ ಇಡೀ ತರಗತಿಗೆ ನೂರಕ್ಕೆ ನೂರು ಕೊಡುತ್ತದೆ. ತರಗತಿಯಲ್ಲಿ ಇದು ನಗುವ ವಿಷಯ. ಆದರೆ 2003ರ ನವೆಂಬರ್‌ನಲ್ಲಿ ಯಾರೋ ಲಿನಕ್ಸ್ ಕರ್ನಲ್‌ನ ಒಂದು ಪ್ರತಿಯೊಳಗೆ ನುಸುಳಿ, ಬೇಕೆಂದೇ == ಜಾಗದಲ್ಲಿ = ಇಟ್ಟರು. ಬಳಕೆದಾರನ ಗುರುತು ಸೊನ್ನೆಯೇ ಎಂದು ಪರೀಕ್ಷಿಸುವಂತೆ ಕಾಣುವ ಆ ಸಾಲು ನಿಜಕ್ಕೂ ಗುರುತನ್ನೇ ಸೊನ್ನೆ ಮಾಡುತ್ತಿತ್ತು. ಲಿನಕ್ಸ್‌ನಲ್ಲಿ ಸೊನ್ನೆ ಎಂದರೆ ಯಂತ್ರದ ಯಜಮಾನ. ಮೂಲ ಪ್ರತಿಗೂ ಇದಕ್ಕೂ ತಾಳೆಯಾಗದ್ದರಿಂದ ಸಿಕ್ಕಿಬಿತ್ತು, ಜನರ ಕೈಗೆ ತಲುಪಲಿಲ್ಲ. ಅಪ್ಪಟ ಹೊಸಬರ ತಪ್ಪಿನಂತೆ ಕಾಣುವುದೇ ಅದರ ಮರೆಯಾಗಿತ್ತು.

ಐಫೋನ್ ಬಳಸುವವರಿಗೆ ಸಂಬಂಧಿಸಿದ್ದು ಇನ್ನೊಂದಿದೆ. ಸುರಕ್ಷಿತ ಸಂಪರ್ಕವನ್ನು ಪರಿಶೀಲಿಸುವ ಆಪಲ್‌ನ ಸಿ ಕೋಡಿನಲ್ಲಿ 'ಗೋಟು ಫೇಲ್' ಎಂಬ ಒಂದೇ ಸಾಲು ಎರಡು ಬಾರಿ ಬಂದಿತ್ತು. 'ಇಫ್' ಕೆಳಗೆ ಕರ್ಲಿ ಬ್ರಾಕೆಟ್ ಇರಲಿಲ್ಲ. ಎರಡೂ ಸಾಲುಗಳನ್ನು ಒಂದೇ ಸಮ ಒಳಸರಿಸಿ ಬರೆದದ್ದರಿಂದ ಎರಡೂ 'ಇಫ್'ಗೆ ಸೇರಿದಂತೆ ಕಾಣುತ್ತಿದ್ದವು. ಆದರೆ ಮೊದಲೇ ಹೇಳಿದಂತೆ ಸಿ ಭಾಷೆ ಜಾಗವನ್ನು ನೋಡುವುದೇ ಇಲ್ಲ. ಎರಡನೆಯ ಸಾಲು ಶರತ್ತಿಲ್ಲದೆ ಪ್ರತಿ ಸಲವೂ ನಡೆದು, ಮುಂದಿನ ತಪಾಸಣೆಯನ್ನು ಹಾರಿಸಿಬಿಡುತ್ತಿತ್ತು. 2014ರ ಫೆಬ್ರುವರಿ 21ರಂದು ಐಒಎಸ್ 7.0.6 ಬಿಡುಗಡೆ ಮಾಡಿ ಅದನ್ನು ಮುಚ್ಚಲಾಯಿತು. ಒಂದೇ ಸಾಲಿನ 'ಇಫ್' ಆದರೂ ಬ್ರಾಕೆಟ್ ಹಾಕಿ ಎಂದು ಮೇಷ್ಟ್ರು ಪದೇ ಪದೇ ಹೇಳುವುದು ಇದಕ್ಕೇ. 'ಇಫ್' ಆವರಣದ ಪಕ್ಕದಲ್ಲೇ ತಪ್ಪಿ ಒಂದು ಸೆಮಿಕೋಲನ್ ಬಿದ್ದರೂ ಇದೇ ಗತಿ: ಶರತ್ತು ಅಲ್ಲೇ ಮುಗಿದುಹೋಗಿ ಕೆಳಗಿನ ಸಾಲು ಯಾವಾಗಲೂ ನಡೆಯುತ್ತದೆ.

ಕನ್ನಡ ಅಂಕಿ ಮತ್ತು ವಾಟ್ಸಾಪ್ ಕೋಡ್

ಡಬಲ್ ಕೋಟ್ ಒಳಗೆ ಕನ್ನಡ ಬರೆಯಬಹುದು, ಕಾಮೆಂಟ್‌ಗಳನ್ನೂ ಕನ್ನಡದಲ್ಲೇ ಇಡಬಹುದು. ಆದರೆ ಪ್ರೋಗ್ರಾಂ ಕೇಳಿದಾಗ ಕನ್ನಡ ಅಂಕಿಗಳಲ್ಲಿ ೧೦೨ ಎಂದು ಕೊಟ್ಟರೆ ಸ್ಕ್ಯಾನ್‌ಎಫ್‌ಗೆ ಅದು ಸಂಖ್ಯೆಯಲ್ಲ. ಅದು ಏನನ್ನೂ ಓದದೆ ವಾಪಸಾಗುತ್ತದೆ, 'ಜ್ವರ'ದಲ್ಲಿ ಹಳೆಯ ಕಸವೇ ಉಳಿಯುತ್ತದೆ. ಎಷ್ಟು ಬೆಲೆಗಳನ್ನು ಓದಿದೆ ಎಂದು ಸ್ಕ್ಯಾನ್‌ಎಫ್ ಪ್ರತಿ ಸಲ ಒಂದು ಸಂಖ್ಯೆ ಹಿಂತಿರುಗಿಸುತ್ತದೆ. ಅದು 1 ಆಗಿಲ್ಲದಿದ್ದರೆ "ಸಂಖ್ಯೆ ಸರಿಯಿಲ್ಲ" ಎಂದು ಹೇಳಿ ನಿಲ್ಲಿಸುವುದು ಒಳ್ಳೆಯದು. ಒಂದಕ್ಷರ ಓದುವ %ಸಿ ಬಳಸಿದಾಗ ಪ್ರಶ್ನೆಯನ್ನೇ ಹಾರಿಸಿ ಮುಂದೆ ಹೋದಂತೆ ಕಾಣುವುದೂ ಸ್ಕ್ಯಾನ್‌ಎಫ್‌ನ ಇನ್ನೊಂದು ಚೇಷ್ಟೆ. ಹಿಂದಿನ ಸಲ ಒತ್ತಿದ ಎಂಟರ್ ಅಲ್ಲೇ ಕಾದಿದ್ದು, ಅದನ್ನೇ ಅಕ್ಷರವೆಂದು ನುಂಗಿರುತ್ತದೆ. % ಚಿಹ್ನೆಗೆ ಮೊದಲು ಒಂದು ಖಾಲಿ ಜಾಗ ಬಿಟ್ಟರೆ ಸಾಕು.

ಲ್ಯಾಪ್‌ಟಾಪ್ ಇಲ್ಲದವರು ಆಂಡ್ರಾಯ್ಡ್ ಫೋನಿನಲ್ಲೇ ಟರ್ಮಕ್ಸ್ ಆ್ಯಪ್ ಹಾಕಿ ಕ್ಲಾಂಗ್ ಕಂಪೈಲರ್ ಬಳಸಬಹುದು. ಫೋನ್ ಬಳಸುವಾಗ ಒಂದು ವಿಚಿತ್ರ ಎರರ್ ಎದುರಾಗಬಹುದು. ಗುಂಪಿನಲ್ಲಿ ಬಂದ ಕೋಡನ್ನು ಕಾಪಿ ಮಾಡಿ ಅಂಟಿಸಿದರೆ, ನೋಡಲು ಎಲ್ಲ ಸರಿಯಿದ್ದರೂ ಜಿಸಿಸಿಯಲ್ಲಿ 'ಸ್ಟ್ರೇ' ಎಂಬ ಪದದೊಂದಿಗೆ 342, 200, 234 ಎಂಬ ಅಂಕಿಗಳು ಬರುತ್ತವೆ. ಮೊದಲ ಎರಡು ಸಂಖ್ಯೆ ಅವೇ ಇದ್ದು ಕೊನೆಯದು 235 ಆಗಿರುವುದೂ ಉಂಟು. ಇವು ಬಾಗಿದ ಉದ್ಧರಣ ಚಿಹ್ನೆಗಳ ಗುಪ್ತನಾಮಗಳು. ಸಿ ಭಾಷೆಗೆ ಬೇಕಾದದ್ದು ನೆಟ್ಟಗಿರುವ " ಚಿಹ್ನೆ. ವರ್ಡ್ ಮತ್ತು ಐಫೋನ್ ಕೀಲಿಮಣೆಯಂಥವು ಅಂದಕ್ಕಾಗಿ ಅದನ್ನು “ ಮತ್ತು ” ಎಂದು ಬಾಗಿಸಿಬಿಡುತ್ತವೆ. ಮನುಷ್ಯರ ಕಣ್ಣಿಗೆ ಎರಡೂ ಒಂದೇ, ಕಂಪೈಲರ್‌ಗೆ ಎರಡನೆಯದು ಪರಕೀಯ. ಅಳಿಸಿ ನಿಮ್ಮ ಎಡಿಟರ್‌ನಲ್ಲೇ ಮತ್ತೆ ಟೈಪ್ ಮಾಡಿದರೆ ಎರರ್ ಹೋಗುತ್ತದೆ. ವಾಟ್ಸಾಪ್ ಇನ್ನೊಂದು ಕೆಲಸ ಮಾಡುತ್ತದೆ: ಎರಡು * ಚಿಹ್ನೆಗಳ ನಡುವಿನ ಅಕ್ಷರಗಳನ್ನು ದಪ್ಪ ಮಾಡಿ ಚಿಹ್ನೆಯನ್ನು ಮರೆಮಾಡುತ್ತದೆ, ಎರಡು _ ನಡುವಿನದನ್ನು ಓರೆಯಾಗಿಸುತ್ತದೆ. ಸಿ ಭಾಷೆಯಲ್ಲಿ * ಎಂದರೆ ಗುಣಾಕಾರ. ಅದು ಕಾಣದಂತಾದ ಕೋಡನ್ನು ನೋಡಿ ಸ್ನೇಹಿತರು ಎಷ್ಟು ತಲೆ ಕೆರೆದುಕೊಂಡರೂ ಪ್ರಯೋಜನವಿಲ್ಲ.

ಹಾಗಾಗಿ ಸಹಾಯ ಕೇಳುವಾಗ ಕೋಡನ್ನು ಮೆಸೇಜ್ ಆಗಿ ಅಂಟಿಸಬೇಡಿ, ಪರದೆಯ ಫೋಟೊ ತೆಗೆದೂ ಕಳಿಸಬೇಡಿ. ಫೈಲನ್ನೇ ಡಾಕ್ಯುಮೆಂಟ್ ಆಗಿ ಕಳಿಸಿ. ಜೊತೆಗೆ ಮೊದಲ ಎರರ್‌ನ ಪೂರ್ತಿ ಪಠ್ಯ, ಯಾವ ಕಂಪೈಲರ್ ಎಂಬುದು, ನೀವು ಕೊಟ್ಟ ಸಂಖ್ಯೆ, ಬಂದ ಉತ್ತರ, ಬರಬೇಕಿದ್ದ ಉತ್ತರ ಇಷ್ಟನ್ನು ಬರೆಯಿರಿ. ಎಐ ಚಾಟ್‌ಬಾಟ್‌ಗಳನ್ನು ಕೇಳುವುದಾದರೂ ಇದೇ ಮಾಹಿತಿ ಬೇಕು. ಎರರ್‌ನ ಅರ್ಥವನ್ನು ಕನ್ನಡದಲ್ಲಿ ವಿವರಿಸಲು ಅವು ಅನುಕೂಲ, ಆದರೆ ಅವು ತಿದ್ದಿಕೊಟ್ಟ ಪ್ರೋಗ್ರಾಮಿಗೂ 32, 98.6, 212, -40 ಕೊಟ್ಟು ನೋಡಿದ ಮೇಲೆಯೇ ಲ್ಯಾಬ್ ರೆಕಾರ್ಡಿಗೆ ಬರೆದುಕೊಳ್ಳಿ.